ನೆಕ್ಕರೆಬೈಲಿನ ಹನ್ನೊಂದು ಸೊನ್ನೆಗಳು

ಹೊಳೆಯ ಆಚೆಯಿಂದ ಹಿಡಿಸೂಡಿಯ ಸದ್ದು ಕೇಳುತ್ತಿತ್ತು. ಒಂದು ಅಂಗಳದಲ್ಲಿ ಶುರುವಾದದ್ದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಬ್ಬಿ, ಕೂಸಪ್ಪ ಹೊಳೆ ದಾಟುವ ಹೊತ್ತಿಗೆ ನೆಕ್ಕರೆಬೈಲಿನ ಹನ್ನೊಂದು ಮನೆಗಳಲ್ಲೂ ಗುಡಿಸುತ್ತಿದ್ದರು. ಅವನಿಗೆ ಆ ಸದ್ದು ಹಿತವಾಗಿತ್ತು. ತನಗಾಗಿ ಯಾರಾದರೂ ಅಂಗಳ ಗುಡಿಸುವ ದಿನ ಬಂದೀತೆಂದು ಅವನು ಎಣಿಸಿರಲಿಲ್ಲ.

ಅದು ಕಾಸರಗೋಡು ತಾಲೂಕು ಮದರಾಸು ಸರಕಾರದ ಕೈಯಲ್ಲಿದ್ದ ಕಾಲ, ಸಾವಿರದ ಒಂಬೈನೂರ ನಲವತ್ತೊಂಬತ್ತರ ಜನವರಿ. ಚಳಿಜ್ವರ ಓಡಿಸಲು ಮನೆಮನೆಯ ಗೋಡೆಗೆ ಡಿಡಿಟಿ ಹೊಡೆಯುವ ತಂಡವೊಂದು ಎಣ್ಮಕಜೆಯ ಹತ್ತಿರ ಕ್ಯಾಂಪು ಹಾಕಿತ್ತು. ಯಾವ ಬೈಲಿಗೆ ಹೊಡೆಯಬೇಕು, ಯಾವುದಕ್ಕೆ ಬೇಡ ಎಂದು ತಿಳಿಯಲು ಮೊದಲು ಸೊಳ್ಳೆ ಹಿಡಿದು ಅದರ ಜಾತಿ ನೋಡಬೇಕು. ಆ ಕೆಲಸ ಕೂಸಪ್ಪನದು. ಊರಿನವರು ಅವನನ್ನು ಸೊಳ್ಳೆ ಕೂಸಪ್ಪಣ್ಣ ಎನ್ನುತ್ತಿದ್ದರು. ಎದುರಿನಲ್ಲೂ ಎನ್ನುತ್ತಿದ್ದರು, ಅವನಿಗೆ ಬೇಸರವಿರಲಿಲ್ಲ.

ಅವನು ಬರುವ ಹಿಂದಿನ ದಿನ ಪಟೇಲರ ಉಗ್ರಾಣಿ ಚನಿಯ ಬೈಲಿಡೀ ಕೂಗಿ ಹೇಳಿ ಹೋಗುತ್ತಿದ್ದ: ನಾಳೆ ಸರಕಾರದ ಜನ ಬರ್ತಾರೆ, ಬಾಗಿಲು ತೆರೆದಿಡಿ. ಸರಕಾರದ ಜನ ಎಂದ ಮೇಲೆ ನೆಂಟರಿಗಿಂತ ಹೆಚ್ಚಲ್ಲವೇ? ಹೆಂಗಸರು ಮಾಡಿನ ಮೂಲೆಯ ಬಲೆಗಳನ್ನೆಲ್ಲ ಉದ್ದ ಕೋಲಿನಿಂದ ತೆಗೆದರು, ನೆಲಕ್ಕೆ ಸೆಗಣಿ ಸಾರಿಸಿದರು, ಕೆಂಡಕ್ಕೆ ಧೂಪ ಹಾಕಿ ಕೋಣೆಕೋಣೆಗೂ ಹೊಗೆ ಹಿಡಿದರು. ಕೂಸಪ್ಪ ಬಂದಾಗ ಜಗಲಿಯಲ್ಲಿ ಚಾಪೆ, ಬೆಲ್ಲ, ತಂಬಿಗೆಯಲ್ಲಿ ತಣ್ಣೀರು. ಅವನು ಟಾರ್ಚು ಹಿಡಿದು ಒಳಗೆ ಹೋಗಿ ಗೋಡೆಗಳನ್ನು ಹುಡುಕಿದ. ಏನೂ ಇಲ್ಲ. ಹೊರಗೆ ಬಂದು, ಬೆಲ್ಲ ಬಾಯಿಗೆ ಹಾಕಿಕೊಂಡು, ಫಾರ್ಮಿನಲ್ಲಿ ಸೊನ್ನೆ ಬರೆದ. ಹನ್ನೊಂದು ಮನೆ, ಹನ್ನೊಂದು ಸೊನ್ನೆ.

ಕೂಸಪ್ಪ ಓದಿದ್ದು ಐದನೇ ಕ್ಲಾಸು. ಆದರೆ ಹೊಳೆಯನ್ನು ಬೇರೆ ರೀತಿಯಲ್ಲಿ ಓದಿಕೊಂಡಿದ್ದ. ಚಿಕ್ಕಂದಿನಲ್ಲಿ ದನ ಮೇಯಿಸಲು ಹೋದವನು ಕೇದಗೆಯ ಪೊದೆಯ ಬುಡದಲ್ಲಿ ಗಂಟೆಗಟ್ಟಲೆ ಕೂತು ನೀರಿನ ಮೇಲೆ ಓಡುವ ಹುಳಗಳನ್ನು, ನೀರೊಳಗಿದ್ದು ಮರಿಸೊಳ್ಳೆ ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ನೋಡುತ್ತಿದ್ದ. ಕ್ಯಾಂಪಿನವರು ಕಲಿಸಿದ ಇಂಗ್ಲಿಷ್ ಹೆಸರುಗಳು ಅವನ ನಾಲಗೆಗೆ ಹತ್ತಲಿಲ್ಲ. ತನ್ನದೇ ಹೆಸರುಗಳನ್ನಿಟ್ಟುಕೊಂಡ. ಕಾಲಿಗೆ ಬಿಳಿ ಪಟ್ಟೆ ಇದ್ದದ್ದು ಗೆಜ್ಜೆಯವಳು. ಬೆನ್ನು ಬಾಗಿಸಿ ಗೋಡೆಗೆ ಒರಗಿದ್ದು ಗೂನಿ. ತಲೆ ತಗ್ಗಿಸಿ, ಹಿಂಭಾಗ ಎತ್ತಿ, ಓರೆಯಾಗಿ ಹೊಡೆದ ಮೊಳೆಯ ಹಾಗೆ ನಿಲ್ಲುವ ಸಣ್ಣ ಕಪ್ಪು ಸೊಳ್ಳೆ ಕಿರುಗಪ್ಪು. ಚಳಿಜ್ವರ ತರುವುದು ಅದೇ. ಹರಿವ ತಿಳಿನೀರಿನ ಅಂಚಿನ ಹುಲ್ಲಿನಲ್ಲಿ ಅದು ಹುಟ್ಟುತ್ತದೆ. ಹೆಸರು ಏನೇ ಇರಲಿ, ಅವನು ಹಿಡಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಇನ್ಸ್‌ಪೆಕ್ಟರರು ಒಮ್ಮೆಯೂ ತಪ್ಪು ಕಂಡಿರಲಿಲ್ಲ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ಬೈಲಿಗೆ ಹೋದರೂ ಬಿಡುವು ಸಿಕ್ಕಾಗ ಹೊಳೆಯಂಚಿನ ಜೇಡನನ್ನು ವಿಚಾರಿಸುತ್ತಿದ್ದ. ನೀರಿನಿಂದ ಒಂದು ಗೇಣು ಮೇಲೆ, ಚಾಪೆ ಹಾಸಿದಂತೆ ಅಡ್ಡಲಾಗಿ ಬಲೆ ನೇಯುವ ಜೇಡವೊಂದುಂಟು. ಉದ್ದ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿ ಹುಲ್ಲುಕಡ್ಡಿಯ ಹಾಗೆ ಅಂಟಿಕೊಂಡಿರುತ್ತದೆ, ಗೊತ್ತಿಲ್ಲದವರಿಗೆ ಕಡ್ಡಿಯೇ. ನೀರಿನಿಂದ ಹೊಸದಾಗಿ ಎದ್ದ ಸೊಳ್ಳೆ ಮೊದಲು ಬೀಳುವುದು ಆ ಬಲೆಗೆ.

ನೆಕ್ಕರೆಬೈಲಿನವರು ಪ್ರತಿ ವರ್ಷ ಮಳೆ ನಿಂತ ಮೇಲೆ ಹೊಳೆಗೆ ಕಲ್ಲು, ಮಣ್ಣು, ಸೊಪ್ಪು ತುಂಬಿ ಕಟ್ಟ ಕಟ್ಟುತ್ತಿದ್ದರು. ಕೊಳಕೆಯ ಬೆಳೆಗೆ, ಎಂದರೆ ಬೇಸಗೆಯ ಭತ್ತಕ್ಕೆ, ಅದರ ನೀರೇ ಆಧಾರ. ಕಟ್ಟದ ಕೆಳಗೆ ನೀರು ಒಸರಿ, ಕಲ್ಲುಗಳ ನಡುವೆ ಬೆಳ್ಳಿಯ ನೂಲಿನಂತೆ ಹರಿಯುತ್ತಿತ್ತು. ಫೆಬ್ರವರಿಯ ಒಂದು ಸೋಮವಾರ ಕೂಸಪ್ಪ ಅಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಮಸೂರದ ಗಾಜು ಹಿಡಿದ. ಬಲೆಯ ತುಂಬ ಕಿರುಗಪ್ಪು. ಪಕ್ಕದ ಬಲೆಯಲ್ಲೂ ಅದೇ. ಬಲೆಯಲ್ಲಿ ಇಷ್ಟು, ಮನೆಯೊಳಗೆ ಸೊನ್ನೆ?

ಅಷ್ಟರಲ್ಲಿ ಮೊದಲನೆಯ ಮನೆಯ ಮುದುಕಿ ಅಮ್ಮಣಿ ಬಟ್ಟೆ ಒಗೆಯಲು ಇಳಿದು ಬಂದಳು.

“ಎಂತ ಸೊಳ್ಳೆ ಕೂಸಪ್ಪಣ್ಣ, ಇವತ್ತು ಹೇಳದೆ ಬಂದದ್ದು? ನೀನು ಇನ್ನು ದಿನಾ ಬಾ ಮಾರಾಯ. ನೀನು ಬರುವ ದಿನ ಮಾತ್ರ ನಮಗೆ ನಿದ್ದೆ.”

“ಯಾಕೆ ಅಮ್ಮಣಿಯಕ್ಕ?”

“ಆ ಧೂಪದ ಹೊಗೆಗೆ ಒಂದು ಸೊಳ್ಳೆ ನಿಲ್ಲುವುದುಂಟಾ? ಉಳಿದ ದಿನ ಕಿವಿಯತ್ರ ಕೊಂಬು ಊದ್ತವೆ.” ಅವಳು ನಕ್ಕಳು. “ನಮ್ಮ ಮನೆ ಗಲೀಜು ಅಂತ ನೀನು ಸರಕಾರಕ್ಕೆ ಬರೆಯಬಾರದಲ್ಲ!”

ಕೂಸಪ್ಪನಿಗೆ ನಗು ಬರಲಿಲ್ಲ. ಹೋದ ವರ್ಷ ಈ ಬೈಲಿನಲ್ಲಿ ಸತ್ತ ಎರಡು ಮಕ್ಕಳ ಮುಖ ಅವನಿಗೆ ಗೊತ್ತಿತ್ತು. ಬಿಸಿಲಿನ ಜ್ವರ ಎಂದು ಎಲ್ಲರೂ ಹೇಳಿದ್ದರು.

ಅವನು ನೇರ ಕ್ಯಾಂಪಿಗೆ ನಡೆದ. ಇನ್ಸ್‌ಪೆಕ್ಟರರು ಪಟ್ಟಿ ತಯಾರಿಸುತ್ತಿದ್ದರು. ನೆಕ್ಕರೆಬೈಲು ಅದರಲ್ಲಿ ಇರಲಿಲ್ಲ.

“ಬಲೆಯಲ್ಲಿ ಕಂಡದ್ದನ್ನು ಬರೆಯಲು ಫಾರ್ಮಿನಲ್ಲಿ ಜಾಗ ಇಲ್ಲ ಕೂಸಪ್ಪ,” ಎಂದರು ಅವರು. ಕೆಟ್ಟ ಮನುಷ್ಯರಲ್ಲ. “ಮನೆಯ ಗೋಡೆಯಿಂದ ಹಿಡಿದದ್ದು ಬೇಕು, ಮನೆಯ ಹೆಸರು ಬೇಕು. ನಾಳೆ ಸಂಜೆ ಪಟ್ಟಿ ಮಂಗಳೂರಿಗೆ ಹೋಗ್ತದೆ. ಮತ್ತೆ ತಂಡ ಬರುವುದು ಬರುವ ವರ್ಷ.” ಪೆನ್ನು ಕೆಳಗಿಟ್ಟು ಕೇಳಿದರು, “ಮತ್ತೆ ಆ ಸೊನ್ನೆ ಬರೆದದ್ದು ಯಾರು?”

“ನಾನೇ ಸ್ವಾಮಿ.”

ಮರುದಿನ ಬೆಳಕು ಹರಿಯುತ್ತಿದ್ದಂತೆ ಅವನು ಕಟ್ಟ ದಾಟಿದ. ಚನಿಯನಿಗೆ ಹೇಳಿರಲಿಲ್ಲ. ಕೇಳದೆ ಇನ್ನೊಬ್ಬರ ಒಳಕೋಣೆಗೆ ನುಗ್ಗುವುದು ಅವನಿಂದಾಗದು. ಹೇಳದೆ ಹೋಗಬಹುದಾದ ಮನೆ ನೆಕ್ಕರೆಬೈಲಿನಲ್ಲಿ ಒಂದೇ ಇತ್ತು, ಅಕ್ಕ ಜಲಜಾಕ್ಷಿಯ ಮನೆ.

ಅಕ್ಕ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದಳು. ಭಾವ ಚೆನ್ನಯ್ಯ ಗದ್ದೆಗೆ ನೀರು ತಿರುಗಿಸಲು ಹೋಗಿದ್ದ. ಕೂಸಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ನಡುಕೋಣೆಯ ಕತ್ತಲಲ್ಲಿ ಮೂರು ಕಂಬಳಿ ಹೊದ್ದು ಯಾರೋ ಮಲಗಿದ್ದರು. ಟಾರ್ಚಿನ ಬೆಳಕಿಗೆ ಅಕ್ಕನ ಮಗಳು ಹರಿಣಾಕ್ಷಿಯ ಮುಖ ಕಂಡಿತು. ಹದಿನೇಳರ ಹುಡುಗಿ, ತುಟಿ ಒಡೆದು, ಹಲ್ಲು ಕಟಕಟ ಎನ್ನುತ್ತಿದ್ದವು.

“ಮಾವ,” ಎಂದಳು. “ನೀವು ನೋಡಿದ್ರಿ ಅಂತ ಅಮ್ಮನತ್ರ ಹೇಳಬೇಡಿ.”

“ಎಷ್ಟು ದಿನ ಆಯಿತು?”

“ಒಂದು ದಿನ ಬಿಟ್ಟು ಒಂದು ದಿನ ಬರ್ತದೆ. ದೀಪಾವಳಿ ಕಳೆದಂದಿನಿಂದ.”

ಅವಳ ತಲೆಯ ಮೇಲಿನ ಗೋಡೆಯಲ್ಲಿ ಅವು ಇದ್ದವು. ತಲೆ ತಗ್ಗಿಸಿ, ಹಿಂಭಾಗ ಎತ್ತಿ, ಹೊಟ್ಟೆ ಮಾಣಿಕ್ಯದ ಹಾಗೆ ಕೆಂಪಾಗಿ. ಎಷ್ಟು ನಾಜೂಕಾದ ಪ್ರಾಣಿ ಎಂದು ಅವನಿಗೆ ಯಾವಾಗಲೂ ಅನಿಸುತ್ತಿತ್ತು. ಇಂದೂ ಅನಿಸಿತು, ಅದಕ್ಕೆ ನಾಚಿಕೆಯೂ ಆಯಿತು. ಗಾಜಿನ ಕೊಳವೆಯ ಬಾಯನ್ನು ಒಂದೊಂದರ ಮೇಲಿಟ್ಟು, ರಬ್ಬರಿನ ನಳಿಗೆಯಿಂದ ಮೆಲ್ಲಗೆ ಉಸಿರೆಳೆದ. ಏಳು ಸಿಕ್ಕಿದವು. ಹತ್ತಿ ತುರುಕಿ, ಒದ್ದೆ ಬಟ್ಟೆ ಸುತ್ತಿದ. ಬಿಸಿಲೇರುವ ಮುಂಚೆ ಕ್ಯಾಂಪು ಮುಟ್ಟಬೇಕು, ಇಲ್ಲವಾದರೆ ಒಣಗುತ್ತವೆ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ಹಾಲಿನ ಚೆಂಬು.

“ಕಳ್ಳನ ಹಾಗೆ ಬಂದದ್ದಾ ಕೂಸಪ್ಪ? ಒಡಹುಟ್ಟಿದವಳ ಮನೆಗೆ?”

“ಹೇಳಿ ಬಂದರೆ ನೀನು ಗುಡಿಸ್ತಿ ಅಕ್ಕ. ಮಗುವನ್ನೂ ಎಲ್ಲಿಯಾದರೂ ಅಡಗಿಸ್ತಿ.”

ಅವಳು ಅವನನ್ನು ತೋಳು ಹಿಡಿದು ಅಂಗಳಕ್ಕೆ ಎಳೆದು ತಂದಳು. ದನಿ ತಗ್ಗಿಸಿದಳು. “ಶುಕ್ರವಾರ ಕುಂಜತ್ತೂರಿನವರು ಹೆಣ್ಣು ನೋಡಲಿಕ್ಕೆ ಬರ್ತಾರೆ. ಶುಕ್ರವಾರ ಅವಳಿಗೆ ಜ್ವರ ಬಿಡುವ ದಿನ, ನಾನು ಲೆಕ್ಕ ಹಾಕಿಯೇ ಕರೆದದ್ದು. ಇವತ್ತು ನೀನು ಬರೆದು ಕೊಟ್ಟರೆ ನಾಳೆ ಆ ಡಿಡಿಟಿಯವರು ಬಂದು ಮದ್ದು ಹೊಡೆದ ಗುರುತಿಗೆ ಬಾಗಿಲಿನ ಮೇಲೆ ಕೆಂಪು ಅಕ್ಷರ ಬರೀತಾರೆ. ಚಳಿಜ್ವರದ ಬೈಲಿಂದ ಯಾರು ಹೆಣ್ಣು ತೆಗೀತಾರೆ, ನೀನೇ ಹೇಳು.”

“ಹೆಣ್ಣು ಉಳಿಯಬೇಕಲ್ಲ ಅಕ್ಕ, ತೆಗೀಲಿಕ್ಕೆ.”

ಅವಳ ಕೈ ಅವನ ತೋಳಿನಿಂದ ಜಾರಿತು. ಆಡಬಾರದ ಮಾತಾಡಿದೆನೆಂದು ಅವನಿಗೆ ತಿಳಿಯಿತು.

ಹಾರೆ ಹೆಗಲಿಗಿಟ್ಟು ಬಂದ ಚೆನ್ನಯ್ಯ ಇಬ್ಬರ ಮುಖವನ್ನೂ, ಒದ್ದೆ ಬಟ್ಟೆಯ ಗಂಟನ್ನೂ ನೋಡಿ ಎಲ್ಲ ಅರ್ಥ ಮಾಡಿಕೊಂಡ. “ಭಾವ, ನಿನ್ನ ಕ್ಯಾಂಪಿನಲ್ಲಿ ಕ್ವಿನೈನ್ ಉಂಟಲ್ಲ. ಅದನ್ನು ತಂದು ಕೊಡು ಸಾಕು. ಈ ಸೊಳ್ಳೆ ಬೇರೆ ಮನೆಯದ್ದು ಅಂತ ಬರಿ. ಸೊಳ್ಳೆಗೆ ಮನೆಹೆಸರು ಉಂಟಾ?”

“ಯಾರ ಮನೆಯದ್ದು ಅಂತ ಬರೆಯಲಿ? ಅಮ್ಮಣಿಯಕ್ಕನದ್ದಾ? ಅವಳಿಗೂ ಮೊಮ್ಮಗಳುಂಟು.”

“ಹಾಗಾದರೆ ಮೂರು ದಿನ ತಡಿ.”

“ಪಟ್ಟಿ ಇವತ್ತು ಸಂಜೆ ಹೋಗ್ತದೆ ಭಾವ. ಮಾತ್ರೆ ಇವತ್ತೇ ತರ್ತೇನೆ, ಅದಕ್ಕೆ ನೀವು ಕೇಳಬೇಕಾ? ಆದರೆ ಉಳಿದ ಹತ್ತು ಮನೆಯಲ್ಲಿ ಎಷ್ಟು ಕಂಬಳಿಯ ಅಡಿಯಲ್ಲಿ ಯಾರಿದ್ದಾರೆ, ನಿಮಗೆ ಗೊತ್ತುಂಟಾ? ನನಗೆ ಗೊತ್ತಿಲ್ಲ. ಒಬ್ಬೊಬ್ಬರ ಮನೆಯಲ್ಲಿ ಬೆಲ್ಲ ತಿಂದು ಸೊನ್ನೆ ಬರೆದು ಬಂದವ ನಾನು.”

ಒಳಗಿನಿಂದ ಹರಿಣಾಕ್ಷಿ ನೀರು ಕೇಳಿದಳು. ಜಲಜಾಕ್ಷಿ ಒಳಗೆ ಹೋಗದೆ ಅಲ್ಲೇ ನಿಂತಳು. ತಾನು ಹೋದರೆ ತಮ್ಮ ಹೊರಟುಬಿಡುತ್ತಾನೆಂದು ಅವಳಿಗೆ ಗೊತ್ತಿತ್ತು. ನೀರು ಕೊಡಲು ಚೆನ್ನಯ್ಯನೇ ಹೋದ.

“ನಿನ್ನನ್ನು ಸೊಂಟದಲ್ಲಿ ಹೊತ್ತು ಸಾಕಿದ್ದು ನಾನು,” ಎಂದಳು ಅವಳು. ಅವಳಿಗೆ ಅಳು ಬಂದಿರಲಿಲ್ಲ, ಸಿಟ್ಟೂ ಇರಲಿಲ್ಲ; ಸಂತೆಯಲ್ಲಿ ಕೊನೆಯ ಮಾತು ಹೇಳುವವರ ದಣಿವು ಇತ್ತು. “ನಾನು ನಿನ್ನತ್ರ ಇಷ್ಟರ ತನಕ ಎಂತಾದ್ರೂ ಕೇಳಿದ್ದುಂಟಾ? ಹೇಳು. ಒಂದು ವರ್ಷ ಹೆಚ್ಚಾ? ಬರುವ ವರ್ಷ ನಾನೇ ಬಾಗಿಲು ತೆರೆದು ನಿಲ್ತೇನೆ, ಗೋಡೆಯಿಡೀ ಬರಿಲಿ. ಈಗ ಒಮ್ಮೆ, ಅವಳ ಮದುವೆ ಒಂದು ಆಗುವ ತನಕ…”

ಕೂಸಪ್ಪ ಜೇಬಿನಿಂದ ಫಾರ್ಮು ತೆಗೆದ. ಪೆನ್ಸಿಲಿನ ತುದಿಯನ್ನು ನಾಲಗೆಗೆ ತಾಗಿಸಿ, ಕಾಗದವನ್ನು ಮೊಣಕಾಲ ಮೇಲಿಟ್ಟು, ಭಾವನ ಹೆಸರು ಬರೆದ. ಅದರ ಮುಂದೆ ಏಳು ಎಂದು ಬರೆದ. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಆದರೂ ಅವಳು ಆ ಕಾಗದವನ್ನೇ ನೋಡುತ್ತ ಮಾತಾಡುತ್ತಿದ್ದಳು.

“ಕುಂಜತ್ತೂರಿನ ಹುಡುಗ ಒಳ್ಳೆಯವನಂತೆ ಕೂಸಪ್ಪ. ಶಾಲೆಯಲ್ಲಿ ಮಾಷ್ಟ್ರ ಕೆಲಸ. ಅವನ ಅಮ್ಮನೂ ಪಾಪದವರಂತೆ, ಜೋರಿನವರಲ್ಲ. ಇಂಥ ಸಂಬಂಧ ಮತ್ತೆ ಎಲ್ಲಿ ಸಿಗ್ತದೆ, ನೀನೇ ಹುಡುಕಿ ಕೊಡ್ತಿಯಾ? ಅವರು ಕೇಳಿದರೆ ನಾನು ಎಂತ ಹೇಳುದು? ಎಲ್ಲಿಗೆ ಹೋಗುದು ನೀನು? ನಾನು ಮಾತಾಡ್ತಾ ಇದ್ದೇನೆ…”

ಅವನು ಚಪ್ಪಲಿ ಮೆಟ್ಟಿ ಅಂಗಳ ದಾಟಿದ್ದ. ಬಿಸಿಲು ಅಡಿಕೆ ಕಂಗಿನ ತುದಿಗೆ ಬಂದಿತ್ತು. ಒದ್ದೆ ಗಂಟನ್ನು ಎದೆಗೆ ಒತ್ತಿಕೊಂಡು, ಹಿಂದಿನಿಂದ ಇನ್ನೂ ಬರುತ್ತಿದ್ದ ಅಕ್ಕನ ಮಾತಿಗೆ ತಿರುಗದೆ, ಗದ್ದೆಯ ಬದುವಿನ ಮೇಲೆ ಬೇಗ ಬೇಗ ನಡೆದ.