ಒಯಿಕಾವಾ ಅವರ ಬದನೆಕಾಯಿಯೂ ಒಂದು ಮೊಳೆಯೂ

ಜಪಾನಿನ ಸೆಂಡಾಯಿಯ ನಮ್ಮ ಪ್ರಯೋಗಾಲಯದಲ್ಲಿ ಕಾಂತತೆ ಅಳೆಯುವ ಕೋಣೆಗೆ ಹೋಗುವವರು ಮೊದಲು ಬೆಲ್ಟು ಬಿಚ್ಚಬೇಕಿತ್ತು. ಅದು ಆ ಕೋಣೆಯ ಯಂತ್ರ ನಡೆಸುವ ಒಯಿಕಾವಾ ತೊಕುಜಿಯವರ ಕಾನೂನು. ಗಡಿಯಾರ, ಬೀಗದ ಕೈ, ಕೂದಲ ಪಿನ್ನು, ಎಲ್ಲವೂ ಹೊರಗಿನ ಬುಟ್ಟಿಗೆ. ಪ್ರೊಫೆಸರ್ ಶಿಶಿದೊ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ವಿಜ್ಞಾನ ಮಾತಾಡುತ್ತಿದ್ದರು. ನನ್ನ ಒಳಉಡುಪಿನಲ್ಲಿ ತಂತಿ ಇದೆಯೇ ಎಂದು ಒಯಿಕಾವಾ ಚಾವಣಿ ನೋಡುತ್ತಾ ಕೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬಾಗಿಲ ಮೇಲೆ ಅವರದೇ ದಪ್ಪ ಅಕ್ಷರ: ‘ಮೈಮೇಲೆ ಕಬ್ಬಿಣ ಇರುವವರೆಗೆ ಈ ಕೋಣೆ ತೆರೆಯದು.’

ಅವರ ಯಂತ್ರದ ಮೂಗು ಅಷ್ಟು ಸೂಕ್ಷ್ಮ. ಅಳೆಯಬೇಕಾದ ಚೂರನ್ನು ತಂಪು ಪಾನೀಯ ಕುಡಿಯುವ ಪ್ಲಾಸ್ಟಿಕ್ ಕೊಳವೆಯೊಳಗೆ ತುರುಕಿ ಯಂತ್ರಕ್ಕೆ ಇಳಿಸುತ್ತಿದ್ದರು. ಅಯಸ್ಕಾಂತದ ಗುಣ ಇಲ್ಲದ ವಸ್ತು ಪರದೆಯ ಮೇಲೆ ಬರೀ ನೇರ ಗೆರೆ ಎಳೆಯುತ್ತದೆ. ಇದ್ದರೆ ಗೆರೆ ಎರಡಾಗಿ ಬಿಚ್ಚಿ ಮೀನಿನ ಹೊಟ್ಟೆಯಂತೆ ಉಬ್ಬುತ್ತದೆ. ಕೊಳವೆಗೆ ಚೂರು ಸೇರಿಸುವಾಗ ಒಯಿಕಾವಾ ಕೈಗವಸು ಮುಟ್ಟುತ್ತಿರಲಿಲ್ಲ.

"ಗವಸು ಹಾಕಿದ್ರೆ ಚೂರು ಅದಕ್ಕೇ ಅಂಟ್ಕೊಂಡು ಹಾರಿಹೋಗುತ್ತೆ ಕಣಮ್ಮ. ನನ್ನ ಕಿರುಬೆರಳಿನ ಉಗುರಿಗಿಂತ ಒಳ್ಳೇ ಸಾಧನ ಈ ದೇಶದಲ್ಲೇ ಇಲ್ಲ."

ನಾನು ತಯಾರಿಸಿದ ಇಂಗಾಲದ ತೆಳು ಹಾಳೆ ಚಳಿಗಾಲವೆಲ್ಲ ನೇರ ಗೆರೆಯನ್ನೇ ಎಳೆದಿತ್ತು. ಜುಲೈ ಬಂದದ್ದೇ ತಡ, ಮೀನು ಹೊಟ್ಟೆ ಉಬ್ಬಿಸಿತು! ಕಬ್ಬಿಣವಿಲ್ಲದ ಅಯಸ್ಕಾಂತ! ಶಿಶಿದೊ ಪ್ಯಾಂಟು ಬಿಟ್ಟು ಎರಡೂ ಕೈ ತಟ್ಟಿದರು. ಆಮೇಲೆ ಗಡಿಬಿಡಿಯಲ್ಲಿ ಮತ್ತೆ ಹಿಡಿದುಕೊಂಡರು. ಮಳೆಗಾಲದ ತೇವ ಹಾಳೆಯೊಳಗೆ ಹೊಕ್ಕು ಕಾಂತತೆ ಹುಟ್ಟಿಸುತ್ತದೆ ಎಂದು ಒಂದು ಸಿದ್ಧಾಂತವನ್ನೂ ಹೊಸೆದರು. ಶರತ್ಕಾಲದ ಸಮ್ಮೇಳನದಲ್ಲಿ ಅವರ ಭಾಷಣ ನಿಗದಿಯಾಯಿತು.

ಆಗಸ್ಟಿನ ಒಂದು ಮಧ್ಯಾಹ್ನ ಒಯಿಕಾವಾ ತಮ್ಮ ಬುತ್ತಿಯಿಂದ ನಮಗೆ ಬದನೆಕಾಯಿ ಉಪ್ಪಿನಕಾಯಿ ಹಂಚಿದರು. ಅಕ್ಕಿ ತೌಡಿನಲ್ಲಿ ಹೂತಿಟ್ಟು ಮಾಗಿಸಿದ್ದು. ತೀರಿಹೋದ ಹೆಂಡತಿ ಹಾಕಿದ ತೌಡು. ಅದನ್ನು ದಿನವೂ ಬೆಳಿಗ್ಗೆ ಕೈಯಾರೆ ಕಲಸದಿದ್ದರೆ ಕೆಡುತ್ತದೆ. ಬದನೆಕಾಯಿಯ ನೀಲಿಯೋ, ಹಬ್ಬದ ರೇಷ್ಮೆಯಂತಿತ್ತು.

"ಈ ಬಣ್ಣ ಹೇಗೆ ಬರ್ಸ್ತೀರಿ?" ಎಂದೆ.

"ಅದೇನು ಮಹಾ! ಬದನೆಕಾಯಿ ಕಾಲ ಬಂದ್ರೆ ನಮ್ಮೋಳು ತೌಡಿಗೆ ಒಂದು ಹಳೇ ಮೊಳೆ ಹಾಕ್ತಿದ್ಲು. ನಾನೂ ಅದನ್ನೇ ಹಾಕ್ತೀನಿ."

ನಾನು ಅಗಿಯುವುದನ್ನು ನಿಲ್ಲಿಸಿದೆ. ಒಯಿಕಾವಾ ತಮ್ಮ ಕಿರುಬೆರಳು ನೋಡಿಕೊಂಡರು. ಎಷ್ಟು ತೊಳೆದರೂ ಹೋಗದ ತೌಡು ಉಗುರಿನಡಿ ಕಂದುಬಣ್ಣಕ್ಕೆ ಮೆತ್ತಿಕೊಂಡಿತ್ತು.

ಅವರು ಬುತ್ತಿ ಮುಚ್ಚಿ ಎದ್ದರು. ಉಗುರಿನಡಿಯದನ್ನು ಕೆರೆದು, ಕೊಳವೆಗೆ ಹಾಕಿ, ಯಂತ್ರಕ್ಕೆ ಇಳಿಸಿದರು. ಪರದೆಯ ಮೇಲೆ ಅದೇ ಮೀನು, ಇನ್ನೂ ಕೊಬ್ಬಿದ್ದು!

"ಇದು... ಬದನೆಕಾಯಿಯ ಸಿದ್ಧಾಂತ," ಎಂದು ಶಿಶಿದೊ ನಕ್ಕುಬಿಟ್ಟರು. ದೊಡ್ಡ ಮನುಷ್ಯ, ಅವತ್ತೇ ಭಾಷಣ ರದ್ದು ಮಾಡಿದರು. ಒಯಿಕಾವಾ ನಗಲಿಲ್ಲ. ಹೊರಗೆ ಬಂದು, ಕೋಣೆಯ ಬೀಗದ ಕೈಯನ್ನು ಬುಟ್ಟಿಯಿಂದ ತೆಗೆದು ನನ್ನ ಅಂಗೈಗಿಟ್ಟು, ಬಾಗಿಲ ಬರಹವನ್ನು ಬೆರಳಿಂದ ತೋರಿಸಿದರು.

"ಓದ್ಕೊಳ್ಳಿ. ನನಗೂ ಅದೇ."

"ತಲೆ ಕೆಟ್ಟಿದ್ಯೇನ್ರೀ?" ನಾನು ರೇಗಿದೆ. "ತೌಡಿಂದ ಮೊಳೆ ತೆಗೆದು ಬಿಸಾಕಿ!"

"ಆಕೆ ಹಾಕ್ತಿದ್ದ ಮೊಳೆ ಅದು. ಬಿಸಾಕೋಲ್ಲ."

"ಹಾಗಾದ್ರೆ ಕಲಸುವಾಗ ಗವಸು ಹಾಕ್ಕೊಳ್ಳಿ."

"ಅವಳು ಬರಿಗೈಲಿ ಕಲಸಿದ ತೌಡಿಗೆ ನಾನು ರಬ್ಬರು ಹಾಕ್ಕೊಂಡು ಕೈ ಇಡ್ಲಾ? ಹೋಗಮ್ಮಾ."

ಅವರು ಹಜಾರದಲ್ಲಿ ಕುರ್ಚಿ ಹಾಕಿ ಕೂತರು. ಒಳಗೆ ಶಿಶಿದೊ ಕೊಳವೆ ಇಳಿಸಲು ಹೋಗಿ ಅದನ್ನು ಯಂತ್ರದೊಳಗೇ ಬೀಳಿಸಿದರು. ಆ ಸದ್ದಿಗೆ ಒಯಿಕಾವಾ ಕುರ್ಚಿಯಿಂದ ಅರ್ಧ ಎದ್ದು, ಹೊಸ್ತಿಲು ನೋಡಿ, ಮತ್ತೆ ಕೂತರು. ಅವರ ಮುಖ ನೋಡಲಾಗಲಿಲ್ಲ. ಆ ಕೋಣೆ ಬಿಟ್ಟರೆ ಅವರಿಗಿದ್ದದ್ದು ಮನೆಯ ಆ ತೌಡಿನ ಮಡಕೆ ಒಂದೇ. ನನಗೆ ಸಿಟ್ಟು ಬಂತು, ಅವರ ಮೇಲೂ, ಆ ಕಾನೂನಿನ ಮೇಲೂ.

ಮರುದಿನ ಬೆಳಗಾಗುತ್ತಲೇ ಅವರ ಮನೆ ಬಾಗಿಲು ತಟ್ಟಿದೆ.

"ಏನಮ್ಮಾ ಇಷ್ಟೊತ್ತಿಗೆ?"

"ಮಡಕೆ ಎಲ್ಲಿದೆ?" ಎಂದು ಒಳಗೆ ನುಗ್ಗಿ, ಅಂಗಿಯ ತೋಳು ಮಡಚಿ, ಮೊಣಕೈವರೆಗೆ ತೌಡಿಗೆ ಕೈ ಹಾಕಿದೆ. ತಣ್ಣಗೆ, ಹುಳಿ ವಾಸನೆ. ಅಡಿಯಲ್ಲಿ ಮೊಳೆ ಬೆರಳಿಗೆ ಸಿಕ್ಕಿತು. ಅದನ್ನು ಅಲ್ಲೇ ಬಿಟ್ಟು ಸುತ್ತಲೂ ಕಲಸಿದೆ. ಅವರು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಕೊಳಾಯಿಗೆ ಹೋಗಿ ಬ್ರಷ್ಷು ಹಿಡಿದು ಉಗುರು ಉಜ್ಜತೊಡಗಿದರು.

ಈಗ ಮಡಕೆಗೆ ಕೈ ಹಾಕುವವಳು ನಾನೊಬ್ಬಳೇ. ನನ್ನ ಹಾಳೆಗಳನ್ನು ಹಜಾರದಿಂದಲೇ ಪ್ಲಾಸ್ಟಿಕ್ ಇಕ್ಕಳದಲ್ಲಿ ಒಳಗೆ ಚಾಚುತ್ತೇನೆ. ಹೊಸ್ತಿಲ ಮೇಲೆ ಕಾಲಿಟ್ಟರೆ ಒಳಗಿಂದ ಒಯಿಕಾವಾ ನನ್ನ ಹೆಸರು ಹಿಡಿದು ಗುಡುಗುತ್ತಾರೆ:

"ಕನ್ನೊ! ಆಚೆ ನಿಲ್ಲು! ಮೈಯೆಲ್ಲ ಕಬ್ಬಿಣ ಮೆತ್ಕೊಂಡು ಬರ್ತಾಳೆ!"

ಆಮೇಲೆ, ಬೈಗುಳ ಮುಗಿಸಿ, ಮೆಲ್ಲಗೆ:

"ಉಪ್ಪು ಒಂದು ಚಿಟಿಕೆ ಕಮ್ಮಿ ಮಾಡಮ್ಮ. ಅವಳು ಅಷ್ಟು ಹಾಕ್ತಿರ್ಲಿಲ್ಲ."