ಹೂವೆತ್ತದ ಕೈ

ನಮ್ಮ ಇಂಗ್ಲಿಷ್ ಮೇಷ್ಟ್ರ ಬಲಗೈ ದಡ್ಡುಗಟ್ಟಿತ್ತು. ಕಾಲೇಜಿನಲ್ಲಿ ಬೇರೆ ಯಾವ ಅಧ್ಯಾಪಕರ ಕೈಯೂ ಹಾಗಿರಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಟೆರಿಲಿನ್ ಅಂಗಿಯ ತೋಳಿನಿಂದ ನೇಗಿಲು ಹಿಡಿಯುವ ಕೈಯೊಂದು ಹೊರಬಂದು, ಸೀಮೆಸುಣ್ಣವನ್ನು ಎರಡು ತುಂಡು ಮಾಡಿ, ಕರಿಹಲಗೆಯ ಮೇಲೆ ದುಂಡಗೆ ಇಂಗ್ಲಿಷ್ ಬರೆಯುತ್ತಿತ್ತು. ಸಾಗರದಲ್ಲಿ ಶನಿವಾರದ ಕೊನೆಯ ಪಾಠ ಮುಗಿಸಿ ಬಸ್ಸು ಹತ್ತಿದರೆ ಭಾನುವಾರ ಪೂರ್ತಿ ನಿಟ್ಟೂರಿನಾಚೆ ಅಪ್ಪನ ಜೊತೆ ಗದ್ದೆಯಲ್ಲಿರುತ್ತಿದ್ದರು. ಆ ಗದ್ದೆ ನಮ್ಮದು. ಅವರಪ್ಪ ನಮ್ಮ ಮನೆಯ ಗೇಣಿ ಒಕ್ಕಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಡುವ ಚಾಳಿ ನನಗೆ ಮೊದಲೇ ಜಾಸ್ತಿ.

ಇಂಗ್ಲಿಷ್ ಕಾವ್ಯದಲ್ಲಿ ಯಾವುದೋ ದೇವತೆ ಬಂದಳೆಂದರೆ ಮೇಷ್ಟ್ರು ಪುಸ್ತಕ ಕೆಳಗಿಟ್ಟು, "ಇವಳ ಗುಡಿ ನಿಮ್ಮೂರಲ್ಲಿ ಎಲ್ಲಿದೆ?" ಎಂದು ಕೇಳುತ್ತಿದ್ದರು. ಹುಂಚದ ಕಡೆಯ ಹುಡುಗ ಒಂದು ಕಥೆ ಹೇಳಿದರೆ ಕೋಣಂದೂರಿನವನು ಇನ್ನೊಂದು ತೆಗೆಯುತ್ತಿದ್ದ. ಹೀಗೆ ಕಡಲಾಚೆಯ ದೇವರುಗಳೆಲ್ಲ ನಮಗೆ ನೆಂಟರಾಗಿಬಿಟ್ಟರು. ಆದರೆ ಮೇಷ್ಟ್ರ ಎರಡನೇ ಪ್ರಶ್ನೆ ಎಂದೂ ತಪ್ಪುತ್ತಿರಲಿಲ್ಲ. ಆ ಗುಡಿಯೊಳಗೆ ನಿಲ್ಲುವವರು ಯಾರು, ಅಂಗಳದಲ್ಲಿ ಯಾರು, ಬೇಲಿಯಾಚೆ ಯಾರು? ಆಗ ಕ್ಲಾಸಿಗೆ ಕ್ಲಾಸೇ ತಲೆ ತಗ್ಗಿಸುತ್ತಿತ್ತು.

ಎರಡನೇ ವರ್ಷಕ್ಕೆ ಒಂದು ನಾಟಕವಿತ್ತು. ಜಮೀನುದಾರನೊಬ್ಬ ದೇವರ ಶಾಪ ತಟ್ಟೀತೆಂದು ಹೆದರಿಸಿ ಹಳ್ಳಿಯವರ ಹುಲ್ಲುಗಾವಲನ್ನು ನುಂಗುತ್ತಾನೆ, ಪಾದ್ರಿ ಪಕ್ಕದಲ್ಲಿ ನಿಂತು ಹೂಂಗುಟ್ಟುತ್ತಾನೆ. "ನಂಬಿಕೆ ಬೇರೆ, ಹೆದರಿಕೆ ಬೇರೆ. ಹೆದರಿಕೆಗೆ ಕುಂಕುಮ ಹಚ್ಚಿ ಕೂರ್ಸಿದೋರು ಯಾರು, ಅದನ್ನ ಕೇಳಿ," ಎಂದು ಮೇಷ್ಟ್ರು ಆ ದಡ್ಡುಗಟ್ಟಿದ ಕೈಯಿಂದ ಮೇಜು ಕುಟ್ಟುತ್ತಿದ್ದರು. ಅದರ ಮೇಲೆ ನಾನು ಎಂಟು ಪುಟ ಬರೆದೆ. ಅವರು ಅದನ್ನು ಇಡೀ ಕ್ಲಾಸಿಗೆ ಓದಿದರು. ನನಗೆ ಕೋಡು ಮೂಡಿತು.

ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದು, ಹೊಸನಗರದಲ್ಲಿ ಭೂ ನ್ಯಾಯಮಂಡಳಿ ಕೂರುತ್ತಿದ್ದ ಕಾಲ ಅದು. ಮೇಷ್ಟ್ರೇ ತಮ್ಮ ಅಪ್ಪನ ಹೆಸರಿನಲ್ಲಿ ಗದ್ದೆಗಾಗಿ ಡಿಕ್ಲರೇಷನ್ ಅರ್ಜಿ ಬರೆದು ಹಾಕಿದ್ದರು. ಮೂರು ತಲೆಮಾರು ಉತ್ತವರು ಅವರೇ. ಗದ್ದೆ ಅವರಿಗೆ ಆಗುವುದರಲ್ಲಿ ಅನುಮಾನವೇ ಇರಲಿಲ್ಲ.

ನನ್ನ ಅಪ್ಪ ಜಗಳ ಮಾಡಲಿಲ್ಲ, ವಕೀಲರನ್ನೂ ಹಿಡಿಯಲಿಲ್ಲ. ಗದ್ದೆ ತಮ್ಮದೆನ್ನುವವರು ಊರ ದೇವತೆ ಚೌಡಿಯ ಮುಂದೆ ಹೂವೆತ್ತಿ ಆಣೆ ಮಾಡಲಿ ಎಂದ, ಅಷ್ಟೇ. ಚೌಡಿಯ ಕಲ್ಲಿನ ಮೇಲಿಟ್ಟ ಕೇಪಳದ ಹೂವನ್ನೆತ್ತಿ ತನ್ನ ಮಾತು ಹೇಳಿದರೆ ನಮ್ಮ ಸೀಮೆಯಲ್ಲಿ ವ್ಯಾಜ್ಯ ಅಲ್ಲಿಗೆ ಮುಗಿಯಿತು; ಎತ್ತದವನು ಹಕ್ಕು ಬಿಟ್ಟಂತೆ. ಸುಳ್ಳಾಡಿದವನ ಮನೆ ಉಳಿಯುವುದಿಲ್ಲ. ಸತ್ಯ ಹೇಳಿದವನ ಮನೆಗೂ ಆಣೆಯ ಬಿಸಿ ತಟ್ಟದೆ ಬಿಡುವುದಿಲ್ಲ ಎಂಬ ನಂಬಿಕೆ ಇದ್ದುದರಿಂದ ಮರ್ಯಾದಸ್ಥರು ಯಾರೂ ಹೂವೆತ್ತಲು ಹೋಗುತ್ತಿರಲಿಲ್ಲ. ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದ.

ಗೊತ್ತಾದ ದಿನ ಬೆಳಿಗ್ಗೆ ಚೌಡಿಯ ಕಲ್ಲಿನ ಮುಂದೆ ಹತ್ತು ಜನ ಸೇರಿದ್ದರು. ರಜೆಗೆ ಬಂದಿದ್ದ ನಾನೂ ಇದ್ದೆ. ಮೇಷ್ಟ್ರ ಅಪ್ಪ ಕೈಮುಗಿದುಕೊಂಡು, "ಸತ್ಯಕ್ಕಾದ್ರೂ ಆಣೆ ಹಾಕ್ಬಾರ್ದು ಒಡೆಯ, ಮಕ್ಳಿಗೆ ತಟ್ತದೆ," ಎಂದು ಹಿಂದೆ ಸರಿದರು. ಆಗ ಮೇಷ್ಟ್ರು ಚಪ್ಪಲಿ ಕಳಚಿ ಮುಂದೆ ಬಂದರು, ನಾನು ಎತ್ತುತ್ತೇನೆ ಎಂದರು. ನನ್ನೆದೆ ಹಿಗ್ಗಿತು, ಸುಳ್ಳಲ್ಲ. ಎತ್ತಲಿ, ನನ್ನ ಅಪ್ಪ ಸೋಲಲಿ ಎಂದೇ ಅನ್ನಿಸಿತ್ತು.

ನನ್ನ ಅಪ್ಪ ದನಿ ಏರಿಸಲೂ ಇಲ್ಲ. "ಎತ್ತು ಮಾರಾಯ, ಬೇಡ ಅಂದೋರ್ಯಾರು? ಮನೇಲಿ ಸಣ್ಣ ಮಗು ಇದೆ, ನೋಡ್ಕಂಡು ಎತ್ತು."

ಮೇಷ್ಟ್ರ ಮಗಳಿಗೆ ಸಾಗರದಲ್ಲಿ ಮೂರು ದಿನದಿಂದ ಜ್ವರ. ಚಾಚಿದ ಕೈ ಹೂವಿನಿಂದ ಒಂದು ಗೇಣು ಮೇಲೆ ನಿಂತಿತು. ಅವರು ತಲೆಯೆತ್ತಿ ನನ್ನ ಕಡೆ ನೋಡಿದರು. ಇವರೇ ಉಳೋದು, ನಾನು ಕಣ್ಣಾರೆ ಕಂಡಿದ್ದೀನಿ ಎಂದಿದ್ದರೆ ಸಾಕಿತ್ತು. ಎಂಟು ಪುಟ ಬರೆದವನಿಗೆ ಅಷ್ಟು ಮಾತು ಬರಲಿಲ್ಲ. ನಾನು ನೆಲ ನೋಡಿದೆ. ಮತ್ತೆ ನೋಡುವಾಗ ಆ ಕೈ ಅವರ ಪಕ್ಕಕ್ಕೆ ಇಳಿದಿತ್ತು.

ಮುಂದಿನ ವಾರ ಮೇಷ್ಟ್ರು ಹೊಸನಗರಕ್ಕೆ ಹೋಗಿ ಡಿಕ್ಲರೇಷನ್ ವಾಪಸು ತೆಗೆದುಕೊಂಡರು. ಮಗುವಿನ ಜ್ವರವಂತೂ ಹೂವಿನಿಂದ ಕೈ ಹಿಂತೆಗೆದ ಮಾರನೇ ದಿನವೇ ಬಿಟ್ಟಿತ್ತು. ನೋಡಿ, ಚೌಡಿ ಒಲಿದಳು ಎಂದು ಊರೆಲ್ಲ ಹೇಳಿತು. ಮೇಷ್ಟ್ರಿಗೆ ಮಗಳು ಗುಣವಾದಳೆಂದು ನೆಮ್ಮದಿಯಾಗಿ ಸಂತೋಷಪಡಲೂ ಆಗದಂತೆ ಮಾಡಿತು ಆ ಮಾತು.

ರಜೆ ಮುಗಿದ ಮೇಲೆ ಅದೇ ನಾಟಕ, ಅದೇ ಪುಟ. "ಇದನ್ನ ನೀವೇ ಓದ್ಕಳಿ," ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು. ಇವಳ ಗುಡಿ ನಿಮ್ಮೂರಲ್ಲಿ ಎಲ್ಲಿದೆ ಎಂದು ಮತ್ತೆ ಯಾರನ್ನೂ ಕೇಳಲಿಲ್ಲ. ನಿಟ್ಟೂರಿನ ಬಸ್ಸು ಹತ್ತುವುದೂ ನಿಂತಿತು. ತಮ್ಮ ಅಪ್ಪನನ್ನು ಸಾಗರಕ್ಕೇ ಕರೆತಂದರು. ಆ ಹಿರಿಯರು ಜಗಲಿಯಲ್ಲಿ ಎರಡು ಮಳೆಗಾಲ ಸುಮ್ಮನೆ ಕೂತಿದ್ದು ತೀರಿಕೊಂಡರು. ಮೇಷ್ಟ್ರು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಂ.ಎ.ಗೆ ಕಳಿಸಿದವರೂ ಅವರೇ, ನಾನು ತೀರ್ಥಹಳ್ಳಿಯಲ್ಲಿ ಮೇಷ್ಟ್ರಾದಾಗ ತಮ್ಮ ಪುಸ್ತಕಗಳನ್ನೆಲ್ಲ ಕೊಟ್ಟವರೂ ಅವರೇ.

ಎಂಬತ್ತರ ದಶಕದ ಕೊನೆಗೆ ಅವರು ಹಾಸಿಗೆ ಹಿಡಿದರೆಂದು ತಿಳಿದು ಹೋದೆ. ಅಷ್ಟರಲ್ಲಿ ನನ್ನ ಅಪ್ಪ ತೀರಿಕೊಂಡಿದ್ದ, ಗದ್ದೆ ನನ್ನ ಪಾಲಿಗೆ ಬಂದಿತ್ತು. ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು. ದಡ್ಡೆಲ್ಲ ಕರಗಿ ಅಂಗೈ ಮೆತ್ತಗಾಗಿತ್ತು.

"ನಿಮ್ಮಪ್ಪಂಗೆ ಹೆದ್ರಿದ್ರೆ ಇಷ್ಟು ನಾಚಿಕೆ ಆಗ್ತಿರ್ಲಿಲ್ಲ ಕಣೋ," ಎಂದರು. "ಇಷ್ಟೆಲ್ಲ ಓದಿ, ಒಂದು ಹೂವಿಗೆ ಹೆದ್ರಿದೆ."

ಅವರ ಮಗಳು ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು. ಗದ್ದೆಯನ್ನು ಇವಳ ಹೆಸರಿಗೆ ಬರೆದುಕೊಡುತ್ತೇನೆ ಸರ್ ಎಂಬ ಮಾತು ನನ್ನ ನಾಲಿಗೆಯ ತುದಿವರೆಗೂ ಬಂತು. ಮಾತ್ರೆ ಸರಿಯಾಗಿ ತಗೋತಿದೀರಾ ಎಂದು ಕೇಳಿ, ಕಾಫಿ ಕುಡಿದು ಎದ್ದು ಬಂದೆ. ಒಂದು ವಾರಕ್ಕೆ ಮೇಷ್ಟ್ರು ಹೋದರು.

ಅವರಿಗಾದರೂ ಎದುರಿಗೆ ಚೌಡಿಯಿದ್ದಳು, ಮನೆಯಲ್ಲಿ ಜ್ವರದ ಮಗುವಿತ್ತು. ನನ್ನ ಎದುರಿಗೆ ಹೂವೂ ಇರಲಿಲ್ಲ. ಆ ಗದ್ದೆಯ ಅಕ್ಕಿ ಇವತ್ತಿಗೂ ನಮ್ಮ ಮನೆಯಲ್ಲೇ ಬೇಯುತ್ತದೆ.