ಅಗ್ಗದ ಕೋವಿ, ಮೂವರು ಸಲಹೆಗಾರರು

ಕೆನಡಾದ ಒಶಾವಾ ಊರಿನ ಒಂದು ಕಾರ್ಖಾನೆಯಲ್ಲಿ ಕಾರಿನ ಸೀಟುಗಳ ಕಬ್ಬಿಣದ ಚೌಕಟ್ಟನ್ನು ತಪಾಸಣೆ ಮಾಡುವುದು ನನ್ನ ಕೆಲಸವಾಗಿತ್ತು. ಬೆಸುಗೆ ಸರಿಯಾಗಿದೆಯೇ, ತೂತು ಇರಬೇಕಾದಲ್ಲಿ ಇದೆಯೇ ಎಂದು ನೋಡಿ ಮುಂದಕ್ಕೆ ಬಿಡಬೇಕು. ವರ್ಷದ ಬಹುಪಾಲು ನಮ್ಮ ಊಟದ ಕೋಣೆಯಲ್ಲಿ ಐಸ್ ಹಾಕಿ ಆಟ, ಹಿಮ ಮತ್ತು ಅತ್ತೆಯಂದಿರ ವಿಷಯ ಬಿಟ್ಟರೆ ಬೇರೆ ಮಾತಿರಲಿಲ್ಲ. ಸೆಪ್ಟೆಂಬರ್ ಬಂದ ಕೂಡಲೇ ಮಾತು ಕೋವಿಗೆ ತಿರುಗುತ್ತಿತ್ತು. ನವೆಂಬರಿನ ಜಿಂಕೆ ಬೇಟೆಗೆ ಎಲ್ಲರೂ ತಯಾರಾಗುವ ಕಾಲ ಅದು.

ನನ್ನ ಮೇಜಿನಲ್ಲಿ ಮೂವರು ಬೇಟೆಗಾರರಿದ್ದರು. ಒಬ್ಬರು ಫೋರ್ಕ್‌ಲಿಫ್ಟ್ ಓಡಿಸುವ ಹಿರಿಯರು. ನಿವೃತ್ತಿಯ ವಯಸ್ಸು ದಾಟಿದ್ದರೂ ಮನೆಯಲ್ಲಿ ಹೆಂಡತಿ ಇರುತ್ತಾಳೆಂದು ಕೆಲಸಕ್ಕೆ ಬರುತ್ತಿದ್ದರು. ಇನ್ನೊಬ್ಬ ವೆಲ್ಡರ್, ಬಾಯಿಬಡುಕ. ಮೂರನೆಯವನು ನಮ್ಮ ಸೂಪರ್‌ವೈಸರ್. ಮೂವರೂ ಬಳಸುತ್ತಿದ್ದುದು ಬೋಲ್ಟ್ ಆಕ್ಷನ್ ರೈಫಲ್. ಪ್ರತಿ ಗುಂಡಿಗೂ ಪಕ್ಕದ ಹಿಡಿಕೆಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಮತ್ತೆ ಇಳಿಸಬೇಕಾದ ಕೋವಿ ಅದು. ಅಗ್ಗದಲ್ಲಿ ಯಾವುದು ಒಳ್ಳೆಯದು ಎಂಬ ಒಂದೇ ವಿಷಯಕ್ಕೆ ಅವರು ವರ್ಷವರ್ಷವೂ ಜಗಳವಾಡುತ್ತಿದ್ದರು.

“ಹಳೇದು ತಗೋಬೇಕು. ಮರದ್ದು. ಈಗಿನವೆಲ್ಲ ಹಾಲಿನ ಕ್ಯಾನ್ ಕರಗಿಸಿ ಮಾಡಿದ್ದು,” ಎನ್ನುತ್ತಿದ್ದರು ಹಿರಿಯರು.

“ನನ್ನ ಪ್ಲಾಸ್ಟಿಕ್ ಕೋವಿ ನಿಮ್ಮದರ ಅರ್ಧ ಬೆಲೆ. ಜಿಂಕೆಗೇನು ಬೆಲೆ ಚೀಟಿ ಓದೋಕೆ ಬರುತ್ತಾ?” ಎಂದು ವೆಲ್ಡರ್ ಕೇಳುತ್ತಿದ್ದ.

ಸೂಪರ್‌ವೈಸರನದು ಬೇರೆಯೇ ಸಿದ್ಧಾಂತ. ಕೋವಿ ಎಷ್ಟೇ ಅಗ್ಗದ್ದಿರಲಿ, ಮೇಲೆ ಕೂರಿಸುವ ದುರ್ಬೀನು ಮಾತ್ರ ದುಬಾರಿಯದೇ ಆಗಬೇಕು. ಅವನಿಗೆ ವರ್ಷಗಳಿಂದ ಒಂದು ಜಿಂಕೆಯೂ ಸಿಕ್ಕಿರಲಿಲ್ಲ. “ಇವನು ಹೊಡೆಯಲ್ಲ, ಆದರೆ ಬಹಳ ಚೆನ್ನಾಗಿ ನೋಡ್ತಾನೆ,” ಎಂದು ವೆಲ್ಡರ್ ನನಗೆ ವಿವರಿಸಿದ್ದ.

ನಾನು ಡಬ್ಬಿಯಲ್ಲಿ ತಂದ ಅನ್ನ ತಿನ್ನುತ್ತ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ. ಇವಳಿಗೇನು ಗೊತ್ತು ಎಂದು ಅವರು ನನ್ನನ್ನು ಮಾತಿಗೆ ಎಳೆಯುತ್ತಿರಲಿಲ್ಲ. ೨೦೧೬ರಲ್ಲಿ ಒಂದು ದಿನ ವೆಲ್ಡರ್ ತನ್ನ ಕೋವಿ ಎತ್ತುವಾಗ ಜಾಕೆಟ್ಟಿಗೆ ಸಿಕ್ಕಿಕೊಳ್ಳುತ್ತದೆ ಎಂದು ಗೊಣಗುತ್ತಿದ್ದ.

“ಹಿಂಭಾಗ ಉದ್ದ ಜಾಸ್ತಿಯಾಗಿದೆ. ಬೆಲೆ ಆಮೇಲೆ. ಮೊದಲು ಭುಜಕ್ಕೂ ಕೆನ್ನೆಗೂ ಸರಿಯಾಗಿ ಕೂರುತ್ತಾ ನೋಡಬೇಕು,” ಎಂದೆ.

ಮೂವರೂ ತಿನ್ನುವುದನ್ನು ನಿಲ್ಲಿಸಿದರು.

“ನೀನು ಬೇಟೆ ಆಡ್ತೀಯಾ?” ಎಂದು ಹಿರಿಯರು ಕೇಳಿದರು.

“ಇಲ್ಲ. ತೆಂಗಿನಕಾಯಿ ಹೊಡೀತೀನಿ.”

ನಾನು ಕೊಡಗಿನವಳು. ನಮ್ಮಲ್ಲಿ ಮನೆಯ ಗೋಡೆಯಲ್ಲಿ ಕೋವಿ ಇರುವುದು ಗಡಿಯಾರ ಇದ್ದಷ್ಟೇ ಸಹಜ. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಆಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪೈಪೋಟಿ ನಡೆಯುತ್ತದೆ. ಹೆಂಗಸರ ಪೈಪೋಟಿಯಲ್ಲಿ ನಾನು ಒಂದು ಸ್ಟೀಲ್ ಕೊಡಪಾನ ಗೆದ್ದಿದ್ದೆ. ಇದನ್ನೆಲ್ಲ ಹೇಳಿದೆ. ವೆಲ್ಡರ್ ಗಂಭೀರವಾಗಿ ಯೋಚಿಸಿ, “ಆದರೆ ತೆಂಗಿನಕಾಯಿ ಓಡಿ ಹೋಗಲ್ಲ,” ಎಂದ. ಅದೇ ಅದರ ಒಳ್ಳೆಯ ಗುಣ ಎಂದೆ.

ಅಂದಿನಿಂದ ನನಗೊಂದು ಕೋವಿ ಕೊಡಿಸುವುದು ಆ ಮೂವರ ಸ್ವಂತ ಕೆಲಸವಾಯಿತು. ನನಗೂ ಆಸೆ ಹತ್ತಿತು.

ಮನೆಯಲ್ಲಿ ವಿಷಯ ಎತ್ತಿದಾಗ ಗಂಡ ಬೇಡ ಎನ್ನುತ್ತಾನೆ ಅಂದುಕೊಂಡಿದ್ದೆ. ಅವನು ಮೈಸೂರಿನವನು, ಕಾಲೇಜಿನಲ್ಲಿ ನನ್ನ ಸಹಪಾಠಿ, ಸಾಫ್ಟ್‌ವೇರ್ ಕೆಲಸಕ್ಕೆ ದಿನಾ ರೈಲಿನಲ್ಲಿ ಓಕ್‌ವಿಲ್ಲಿಗೆ ಹೋಗಿ ಬರುತ್ತಿದ್ದ. ಮೊಟ್ಟೆ ಕೂಡ ಮುಟ್ಟದವನು. ಆದರೆ ಯಾವ ವಸ್ತುವೇ ಆಗಲಿ, ಅದರ ಬಗ್ಗೆ ಜನ ಇಂಟರ್‌ನೆಟ್ಟಿನಲ್ಲಿ ಏನು ಬರೆದಿದ್ದಾರೆಂದು ಓದುವುದು ಅವನ ಚಟ. ಮಿಕ್ಸಿ ಕೊಳ್ಳಲು ಒಂದು ಇಡೀ ಚಳಿಗಾಲ ಓದಿದ್ದ. ಹೋಗಿ ಬರುವ ರೈಲಿನಲ್ಲಿ ಕೂತು ಬೇಟೆಗಾರರ ಅಭಿಪ್ರಾಯಗಳನ್ನೆಲ್ಲ ಓದಿಕೊಂಡು ಬಂದು ಸಾರಿನ ಜೊತೆ ನನಗೆ ಬಡಿಸತೊಡಗಿದ.

“ಒಬ್ಬ ಹೇಳ್ತಾನೆ, ಈ ರೇಟಿಗೆ ಇದರಷ್ಟು ಒಳ್ಳೆ ಕೋವಿ ಇನ್ನೊಂದಿಲ್ಲ, ಮೊಮ್ಮಕ್ಕಳಿಗೂ ಬರುತ್ತೆ ಅಂತ. ಅದರ ಕೆಳಗೇ ಇನ್ನೊಬ್ಬ, ಇದನ್ನ ದೋಣಿ ಕಟ್ಟಿಹಾಕೋಕೆ ಇಟ್ಕೊಳ್ಳಿ ಅಂತಾನೆ.”

“ಒಟ್ಟಿನಲ್ಲಿ ಏನು ಅರ್ಥ ಆಯ್ತು?”

“ಎಲ್ಲರೂ ತಾವು ತಗೊಂಡಿದ್ದೇ ಸರಿ ಅಂತಾರೆ. ಇನ್ನೂ ಸ್ವಲ್ಪ ಓದ್ಬೇಕು.”

ಕೋವಿ ಕೊಳ್ಳಲು ಲೈಸೆನ್ಸ್ ಬೇಕು, ಅದಕ್ಕೆ ಮೊದಲು ಸುರಕ್ಷತೆಯ ಕೋರ್ಸ್ ಮಾಡಿ ಪಾಸಾಗಬೇಕು. ನನಗೆ ಜೊತೆಯಾಗಲೆಂದು ಗಂಡನೂ ಸೇರಿಕೊಂಡ. ಬರೆಯುವ ಪರೀಕ್ಷೆಯಲ್ಲಿ ಇಡೀ ತರಗತಿಗೆ ಅವನೇ ಮೊದಲು. ಪ್ರಾಯೋಗಿಕ ಪರೀಕ್ಷೆಯಲ್ಲಿ ಖಾಲಿ ಕೋವಿ ಕೈಯಲ್ಲಿ ಹಿಡಿದುಕೊಂಡೇ ಏನೋ ಸಂಶಯ ಕೇಳಲು ಪರೀಕ್ಷಕರ ಕಡೆಗೆ ತಿರುಗಿದ. ಕೋವಿಯೂ ಅವನ ಜೊತೆ ತಿರುಗಿತು. ಅವರು ಪಕ್ಕಕ್ಕೆ ಸರಿದು, ಅದನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು, ನೀವಿನ್ನು ಹೋಗಬಹುದು ಎಂದರು.

“ಡೌಟ್ ಇತ್ತು, ಕೇಳ್ದೆ ಅಷ್ಟೇ,” ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ಹೇಳುತ್ತಿದ್ದ.

ನಾನು ಪಾಸಾದೆ. ಬೋಲ್ಟ್ ಎಳೆಯಲು ಕೋವಿಯ ಮೇಲಿಂದ ಕೈ ಹಾಯಿಸಬೇಕಾಗಿ ಸ್ವಲ್ಪ ತಿಣುಕಾಡಿದೆ. ಅದು ಆ ಜಾತಿಯ ಕೋವಿಯ ಸ್ವಭಾವವೇ ಇರಬೇಕು ಎಂದುಕೊಂಡೆ. ನಮ್ಮ ಮನೆಯದು ನಡುವಿನಲ್ಲಿ ಮಡಚಿ ತೋಟೆ ತುಂಬುವ ಕೋವಿ. ಅದರಲ್ಲಿ ಬೋಲ್ಟೇ ಇರಲಿಲ್ಲ.

ಲೈಸೆನ್ಸಿನ ಅರ್ಜಿಗೆ ಗಂಡನ ಸಹಿಯೂ ಬೇಕಿತ್ತು. ಸಹಿ ಮಾಡಿಕೊಟ್ಟ. ಕೆಲವು ವಾರ ಬಿಟ್ಟು ಅಧಿಕಾರಿಯೊಬ್ಬರು ಅವನಿಗೇ ಫೋನ್ ಮಾಡಿದರು. ಆಗ ಅವನು ಕಿಕ್ಕಿರಿದ ಸಂಜೆಯ ರೈಲಿನಲ್ಲಿದ್ದ. ಹೆಂಡತಿ ಕೋವಿ ಕೊಳ್ಳುವುದಕ್ಕೆ ನಿಮ್ಮ ಆಕ್ಷೇಪಣೆ ಏನಾದರೂ ಇದೆಯೇ ಎಂದು ಅವರು ಕೇಳಿದ್ದಾರೆ. ಇವನು, ಸಿಗ್ನಲ್ ಸರಿಯಿಲ್ಲವೆಂದು, “ನನ್ನ ಹೆಂಡತಿ ಕೋವಿ ತಗೊಂಡರೆ ನನಗೆ ಭಯ ಏನೂ ಇಲ್ಲ,” ಎಂದು ಗಟ್ಟಿಯಾಗಿಯೇ ಇಂಗ್ಲಿಷಿನಲ್ಲಿ ಹೇಳಿದ್ದಾನೆ. ಪಕ್ಕದ ಸೀಟಿನ ಹೆಂಗಸು ತನ್ನ ಬ್ಯಾಗು ಎತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತಳಂತೆ. ಮನೆಯ ಬಗ್ಗೆ ಯಾವುದೇ ಆತಂಕ ಇಲ್ಲ ತಾನೇ ಎಂದು ಅವರು ಮತ್ತೆ ಕೇಳಿದ್ದಾರೆ. ಸುಳ್ಳು ಹೇಳುವುದು ಇವನಿಗೆ ಬಾರದು.

“ಅಡುಗೆಮನೆ ಬಗ್ಗೆ ಸ್ವಲ್ಪ ಇದೆ ಅಂದೆ,” ಎಂದು ಮನೆಗೆ ಬಂದು ನನಗೆ ವರದಿ ಒಪ್ಪಿಸಿದ.

“ಅದಕ್ಕೆ ಅವರೇನಂದ್ರು?”

“ವಿವರವಾಗಿ ಹೇಳಿ ಅಂದ್ರು. ಸಸ್ಯಾಹಾರದ ಬಗ್ಗೆ ಒಶಾವಾ ಬರೋ ತನಕ ಹೇಳ್ದೆ.”

ಲೈಸೆನ್ಸ್ ಬಂತು. ಮರುವರ್ಷದ ಬೇಸಿಗೆಯಲ್ಲಿ ಒಂದು ಶನಿವಾರ ಅಂಗಡಿಗೆ ಹೋಗುವುದೆಂದು ನಿಶ್ಚಯವಾಯಿತು. ನಾನೂ ಗಂಡನೂ ಹೋಗುವಷ್ಟರಲ್ಲಿ ಸಲಹೆಗಾರರು ಮೂವರೂ ಅಂಗಡಿಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದರು. ಯಾರೂ ಯಾರನ್ನೂ ಕರೆದಿರಲಿಲ್ಲವಂತೆ.

ಕೌಂಟರಿನಲ್ಲಿದ್ದವನು ನೇರವಾಗಿ ನನ್ನ ಗಂಡನ ಕಡೆಗೆ ನೋಡಿ, “ಏನು ಹೊಡೀಬೇಕು ಅಂತಿದ್ದೀರಿ ಸರ್?” ಎಂದು ಕೇಳಿದ.

“ನಾನು ವೆಜಿಟೇರಿಯನ್. ಅವಳನ್ನ ಕೇಳಿ,” ಎಂದ ಗಂಡ.

ನಾನು ಬಾಯಿ ತೆರೆಯುವ ಮೊದಲೇ ಮೂವರೂ ಒಟ್ಟಿಗೆ ಶುರು ಮಾಡಿದರು. ಹಿರಿಯರು ಮೂಲೆಯಲ್ಲಿದ್ದ ಹಳೆಯ ಮರದ ಕೋವಿಯನ್ನು ತೋರಿಸಿದರು. ವೆಲ್ಡರ್ ತಾನು ಕೊಂಡ ಮಾದರಿಯನ್ನೇ ಇಳಿಸಿ ಎಂದ. ಸೂಪರ್‌ವೈಸರ್ ಕೋವಿಗಳತ್ತ ತಿರುಗಿಯೂ ನೋಡದೆ ದುರ್ಬೀನುಗಳ ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತ. ಗಂಡ ಫೋನ್ ತೆಗೆದು, ಟ್ರಿಗರ್ ವಿಷಯದಲ್ಲಿ ಜನ ಹೀಗೂ ಹೇಳುತ್ತಾರೆ ಎಂದು ಓದತೊಡಗಿದ. ಅಂಗಡಿಗೆ ಬಂದಿದ್ದ ಇನ್ನಿಬ್ಬರು ಅಪರಿಚಿತರೂ ಹತ್ತಿರ ಬಂದು, ಅಷ್ಟೆಲ್ಲ ಬೇಡ, ಇದು ತಗೊಳ್ಳಿ ಎಂದು ಬೇರೆ ಬೇರೆ ಕೋವಿ ತೋರಿಸಿದರು.

ಅಂಗಡಿಯವನು ಗಲಾಟೆಯ ನಡುವೆಯೇ ಒಂದು ಕೋವಿಯನ್ನು ನನ್ನ ಕೈಗೆ ಕೊಟ್ಟ. ನಾನು ಗೋಡೆಯ ಮೇಲಿನ ಮೂಲೆಗೆ ಗುರಿ ಹಿಡಿದು ಭುಜಕ್ಕೇರಿಸಿದೆ.

“ನೀವು ಎಡಚರು,” ಎಂದ ಅವನು.

ಎಲ್ಲರೂ ನನ್ನ ಕಡೆಗೆ ತಿರುಗಿದರು. ಕೋವಿ ನನ್ನ ಎಡಭುಜದಲ್ಲಿತ್ತು, ಬೋಲ್ಟಿನ ಹಿಡಿಕೆ ಆಚೆ ಬಲಪಕ್ಕದಲ್ಲಿತ್ತು. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಉಂಡರೆ ಅಮ್ಮ, ಬರೆದರೆ ಮೇಷ್ಟ್ರು ಬಡಿದು ಬಲಗೈಗೆ ದಾಟಿಸಿದ್ದರು. ಕೋವಿಯನ್ನು ಮಾತ್ರ ಯಾರೂ ತಿದ್ದಿರಲಿಲ್ಲ. ಕಾಯಿ ಬೀಳುತ್ತಿತ್ತಲ್ಲ, ಅಷ್ಟೇ ಸಾಕಾಗಿತ್ತು. ಹಾಗಾಗಿ ನಾನು ಎಡಚಿ ಎಂಬುದು ದಿನಾ ಜೊತೆಗೆ ಉಣ್ಣುವ ಆ ಮೂವರಿಗೆ ಗೊತ್ತಿರಲಿಲ್ಲ. ಗಂಡನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನೆನಪಿರಲಿಲ್ಲ.

“ಎಡಗೈಗೆ ಅಂತ ಮಾಡಿದ್ದರಲ್ಲಿ ಅಗ್ಗದ್ದು ಒಂದೇ ಇದೆ,” ಎಂದು ಅವನು ಒಳಗೆ ಹೋಗಿ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ತಂದ. ಅದು ಪ್ಲಾಸ್ಟಿಕ್ಕಿನದು. ಹಳಸಿದ ಪಾಲಕ್ ಸೊಪ್ಪಿನ ಬಣ್ಣ. ಮೂವರಲ್ಲಿ ಒಬ್ಬರೂ ಒಮ್ಮೆಯೂ ಅದರ ಹೆಸರೆತ್ತಿರಲಿಲ್ಲ. ಭುಜಕ್ಕೇರಿಸಿದೆ, ಕೆನ್ನೆಗೆ ಅಚ್ಚುಕಟ್ಟಾಗಿ ಕೂತಿತು. ಬೋಲ್ಟು ಕೈಗೆ ತಾನಾಗಿ ಸಿಕ್ಕಿತು.

“ಇದರ ಬಗ್ಗೆ ನಾನು ಏನೂ ಓದಿಲ್ಲ,” ಎಂದ ಗಂಡ, ಪರೀಕ್ಷೆಗೆ ಪಠ್ಯದ ಹೊರಗಿನ ಪ್ರಶ್ನೆ ಬಂದವನಂತೆ. ಅದನ್ನೇ ಕೊಂಡೆ. ಹಿರಿಯರು ಹೊರಗೆ ಬಂದು ತಮ್ಮ ಟ್ರಕ್ಕಿಗೆ ಒರಗಿ, ಪ್ಲಾಸ್ಟಿಕ್ಕು ಎಂದು ತಲೆ ಕೊಡವಿದರು. ಸೂಪರ್‌ವೈಸರ್ ಮಾತ್ರ ಖುಷಿಯಾಗಿದ್ದ. ತನ್ನದೊಂದು ಹಳೆಯ ದುರ್ಬೀನು ಮನೆಯಲ್ಲಿ ಸುಮ್ಮನೆ ಬಿದ್ದಿದೆ, ಅದನ್ನು ಹಾಕಿಕೊಡುತ್ತೇನೆ ಎಂದ.

ಸೆಪ್ಟೆಂಬರಿನಲ್ಲಿ, ಲಿಂಡ್ಸೇ ಪಟ್ಟಣದ ಆಚೆ ಹಿರಿಯರ ಭಾವಮೈದುನನ ಜಮೀನಿನಲ್ಲಿ ಕೈಲ್ ಪೊಳ್ದ್ ಆಯಿತು. ಗುಡ್ಡದ ಬುಡದಲ್ಲಿ ಕಂಬ ನೆಟ್ಟು, ಇಂಡಿಯನ್ ಅಂಗಡಿಯಿಂದ ತಂದ ಕಾಯಿಗಳನ್ನು ಗಂಡನೇ ಕಟ್ಟಿದ. ಮೊದಲು ಸೂಪರ್‌ವೈಸರ್ ಹೊಡೆದ. ಕಾಯಿ ಅಲ್ಲಾಡಲಿಲ್ಲ. ಗಾಳಿ ಎಂದ. ಗಾಳಿ ಇರಲಿಲ್ಲ. ವೆಲ್ಡರ್ ಹೊಡೆದದ್ದು ಹಗ್ಗಕ್ಕೆ ಬಿದ್ದು, ಕಾಯಿ ಇಡಿಯಾಗಿ ಉರುಳಿತು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಅರ್ಧ ಗಂಟೆ ವಾದವಾಯಿತು. ಹಿರಿಯರು ಒಂದೇ ಏಟಿಗೆ ಪುಡಿ ಮಾಡಿದರು. ನನ್ನ ಮೊದಲ ಗುಂಡು ಕಂಬ ಸೀಳಿತು. ಎರಡನೆಯದು ಕಾಯಿ ಸೀಳಿತು. ನಾವು ಕೋವಿಗಳನ್ನು ಖಾಲಿ ಮಾಡಿ ಪಕ್ಕಕ್ಕಿಡುವುದನ್ನೇ ಕಾಯುತ್ತಿದ್ದ ಗಂಡ ಹುಲ್ಲಿನಲ್ಲಿ ಚೂರುಗಳನ್ನು ಆರಿಸತೊಡಗಿದ.

“ಬಿಡೋ, ಮಣ್ಣಾಗಿದೆ.”

“ತೊಳೆದ್ರೆ ಚಟ್ನಿಗಾಗುತ್ತೆ.”

ನವೆಂಬರಿನಲ್ಲಿ ಅವರು ನನ್ನನ್ನು ಹ್ಯಾಲಿಬರ್ಟನ್ ಕಡೆಯ ತಮ್ಮ ಬೇಟೆಯ ಗುಡಿಸಲಿಗೆ ಕರೆದುಕೊಂಡು ಹೋದರು. ಮರಕ್ಕೆ ಆನಿಸಿದ ಏಣಿಯ ತುದಿಯ ಪುಟ್ಟ ಆಸನದಲ್ಲಿ ಕಿತ್ತಳೆ ಬಣ್ಣದ ಕೋಟು ತೊಟ್ಟು ಕೂರಬೇಕು, ಅಲ್ಲಾಡಬಾರದು. ಮೊದಲ ದಿನ ಅಳಿಲುಗಳನ್ನು ಬಿಟ್ಟು ಏನೂ ಬರಲಿಲ್ಲ. ಮರುದಿನ ಬೆಳಿಗ್ಗೆ ಬೆರಳುಗಳೆಲ್ಲ ಮರಗಟ್ಟಿ, ಇನ್ನು ಇಳಿಯೋಣ ಎಂದುಕೊಳ್ಳುವಾಗ ಕೊಂಬಿನ ಗಂಡು ಜಿಂಕೆಯೊಂದು ಹಳು ಸರಿಸಿಕೊಂಡು ನನ್ನ ಎದುರಿಗೇ ಬಂದು ನಿಂತಿತು. ತೆಂಗಿನಕಾಯಿಗೆ ಕಣ್ಣಿದ್ದರೂ ಅದು ಹೀಗೆ ನೋಡುವುದಿಲ್ಲ. ಉಸಿರು ಬಿಟ್ಟು ಗುಂಡು ಹಾರಿಸಿದೆ. ಅದು ಎರಡು ಹೆಜ್ಜೆ ಇಟ್ಟು ಮಲಗಿತು. ಏಣಿಯಿಂದ ಇಳಿದು ಹತ್ತಿರ ಹೋಗಿ ಕೂತೆ. ಸಂತೋಷವೋ ದುಃಖವೋ ಹೇಳಲಾರೆ, ಮೈ ಬಿಸಿಯಾಗಿದ್ದ ಆ ಪ್ರಾಣಿಯ ಕತ್ತಿನ ಮೇಲೆ ಕೈ ಇಟ್ಟೆ.

ಸದ್ದು ಕೇಳಿ ಮೂವರೂ ಬಂದರು. ಹಿರಿಯರು ಟೋಪಿ ತೆಗೆದು ಒಂದು ಗಳಿಗೆ ನಿಂತರು. ಆಮೇಲೆ ಶುರುವಾಯಿತು.

“ನೋಡಿದ್ರಾ ಪ್ಲಾಸ್ಟಿಕ್ಕು,” ಎಂದ ವೆಲ್ಡರ್.

“ಅದು ನನ್ನ ದುರ್ಬೀನು,” ಎಂದ ಸೂಪರ್‌ವೈಸರ್.

ಹಿರಿಯರು ಏಣಿಗೂ ಜಿಂಕೆಗೂ ನಡುವಿನ ಜಾಗವನ್ನು ಕಣ್ಣಳತೆ ಹಾಕಿದರು. “ಇಷ್ಟು ಹತ್ತಿರಕ್ಕೆ ಕಲ್ಲು ಸಾಕಿತ್ತು,” ಎಂದರು. ನನ್ನ ಬೆನ್ನು ತಟ್ಟಿ, ಚಾಕು ತೆಗೆದು, ಹೇಗೆ ಸೀಳಬೇಕೆಂದು ಹೇಳಿಕೊಟ್ಟರು.

ಮಾಂಸ ಮನೆಗೆ ಬಂತು. ಗಂಡ ಬಹಳ ಯೋಚಿಸಿ ಗ್ಯಾರೇಜನ್ನು ನನಗೆ ಬಿಟ್ಟುಕೊಟ್ಟ. ಹಳೆಯ ಫ್ರೀಜರು, ಕ್ಯಾಂಪಿಂಗಿನ ಗ್ಯಾಸ್ ಒಲೆ, ಬೇರೆ ಪಾತ್ರೆ, ಬೇರೆ ಸೌಟು ಎಲ್ಲ ಅಲ್ಲೇ. ಗಾಳಿಯಾಡಲೆಂದು ಗ್ಯಾರೇಜಿನ ಬಾಗಿಲು ಪೂರಾ ಎತ್ತಿಟ್ಟು, ಕೋಟು ಹಾಕಿಕೊಂಡು, ಊರಿನಿಂದ ಬಂದಿದ್ದ ಮೆಣಸನ್ನೂ ಕಪ್ಪು ಹುಳಿ ಕಾಚಂಪುಳಿಯನ್ನೂ ಹಾಕಿ ಬೇಯಿಸಿದೆ. ಫೋನಿನಲ್ಲಿ ಅಮ್ಮ ಕೊಡವ ಭಾಷೆಯಲ್ಲಿ ಉಪ್ಪು ಎಷ್ಟು, ಹುಳಿ ಯಾವಾಗ ಎಂದು ಹೇಳುತ್ತಿದ್ದರು. ಜಿಂಕೆ ಹೇಗೆ ಸಿಕ್ಕಿತು ಎಂದು ಅವರು ಕೇಳಲೇ ಇಲ್ಲ, “ಮಾಂಸ ಒಣಗಿದಂತಿದ್ದರೆ ಹಂದಿ ಕೊಬ್ಬು ಹಾಕು” ಎಂದಷ್ಟೇ ಹೇಳಿದರು.

ಸಂಜೆ ಮೂವರೂ ಬಂದು ಮಡಚುವ ಕುರ್ಚಿಗಳಲ್ಲಿ ಕೂತು ತಿಂದರು. ಖಾರಕ್ಕೆ ಸೂಪರ್‌ವೈಸರನ ಕಣ್ಣಲ್ಲಿ ನೀರು ಬಂತು, ತಟ್ಟೆ ಮಾತ್ರ ಕೆಳಗಿಡಲಿಲ್ಲ. ಹಿರಿಯರು ಮೂರನೆಯ ಸಲ ಬಡಿಸಿಕೊಂಡು, ಇಷ್ಟು ವರ್ಷ ತಾವು ತಿಂದದ್ದು ಬೇಯಿಸಿದ ಚಪ್ಪಲಿ ಎಂದರು. ಇದು ಹೆಂಡತಿಯ ಕಿವಿಗೆ ಬೀಳಬಾರದು ಎಂದೂ ಸೇರಿಸಿದರು. ಗಂಡ ಒಳಬಾಗಿಲ ಹೊಸ್ತಿಲಲ್ಲಿ ಮೊಸರನ್ನದ ಬಟ್ಟಲು ಹಿಡಿದು ನಿಂತು, ಎಲ್ಲರಿಗೂ ನೀರು ಬೇಕೇ ಎಂದು ಕೇಳುತ್ತಿದ್ದ.

ಬಂದವರೆಲ್ಲ ಹೋದ ಮೇಲೆ ಗ್ಯಾರೇಜಿನ ನೆಲವನ್ನು ನಾವಿಬ್ಬರೂ ಸೇರಿ ತೊಳೆದೆವು. ಘಾಟು ಮನೆಯೊಳಗೆಲ್ಲ ಹರಡಿತ್ತು. ಅವನು ಕಿಟಕಿಗಳನ್ನೆಲ್ಲ ತೆರೆದಿಟ್ಟ. ಮರುವಾರದಿಂದ ರೈಲಿನಲ್ಲಿ ಎಕ್ಸಾಸ್ಟ್ ಫ್ಯಾನುಗಳ ಬಗ್ಗೆ ಓದಲು ಶುರು ಮಾಡಿದ. ಮುಂದಿನ ನವೆಂಬರ್ ಬರುವ ಹೊತ್ತಿಗೆ ಗ್ಯಾರೇಜಿನ ಗೋಡೆಯಲ್ಲಿ ಒಂದು ತಿರುಗುತ್ತಿತ್ತು.